ಅಣುಜೀವಿಗಳ ಹೆಸರನ್ನು ಬಿಡಿಸಿ ಓದೋಣ, ಪೂರ್ತಿಯಾಗಿ ಹೇಳೋಣ



ಬೀಜ ಕೊಳ್ಳಲು ಹೋದಾಗ ನೀವು ಹೆಸರನ್ನು ಅರ್ಧ ಹೇಳುವುದಿಲ್ಲ. ರಾಗಿ ಎಂದರೆ ಸಾಲದು, ಜಿ.ಪಿ.ಯು. 28 ಬೇಕೋ ಎಂ.ಎಲ್. 365 ಬೇಕೋ ಎಂಬುದನ್ನು ಸ್ಪಷ್ಟವಾಗಿ ಕೇಳಿ ಪಡೆಯುತ್ತೀರಿ. ಶೇಂಗಾ ಎಂದರೆ ಸಾಲದು, ಟಿ.ಎಂ.ವಿ. 2 ಎಂದು ತಳಿಯ ಹೆಸರನ್ನೇ ಹೇಳುತ್ತೀರಿ. ಬೇರೆ ತಳಿಯ ಚೀಲವನ್ನು ಕೈಗಿಟ್ಟರೆ ತಕ್ಷಣ ಹಿಂದಿರುಗಿಸುತ್ತೀರಿ. ಆದರೆ ಅಣುಜೀವಿ ಗೊಬ್ಬರ ಕೊಳ್ಳುವಾಗ ಮಾತ್ರ ಈ ಎಚ್ಚರ ಕಾಣುವುದಿಲ್ಲ. "ಅದೇನೋ ಕಪ್ಪು ಪುಡಿ ಬರುತ್ತದಲ್ಲ, ಅದು ಕೊಡಿ", "ಬೇರಿಗೆ ಹಾಕುವ ರೈಜೋ ಕೊಡಿ" ಎಂಬ ಮಾತುಗಳೇ ಅಂಗಡಿಗಳಲ್ಲಿ ಕೇಳಿಬರುತ್ತವೆ. ಜಿ.ಪಿ.ಯು. 28 ಎಂದು ತಡವರಿಸದೆ ಹೇಳುವ ನಾಲಿಗೆ ಅಜೋಸ್ಪಿರಿಲಂ ಎನ್ನಲು ಏಕೆ ಹಿಂಜರಿಯಬೇಕು?

ಇದರಲ್ಲಿ ರೈತರ ತಪ್ಪೇನೂ ಇಲ್ಲ. ಈ ಹೆಸರುಗಳು ಉದ್ದವಾಗಿವೆ, ಗ್ರೀಕ್ ಮತ್ತು ಲ್ಯಾಟಿನ್ ಮೂಲದವು, ಪೊಟ್ಟಣದ ಮೇಲೆ ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ ಅಚ್ಚಾಗಿರುತ್ತವೆ. ಅವುಗಳನ್ನು ಅಕ್ಷರ ಅಕ್ಷರವಾಗಿ ಒಡೆದು ತೋರಿಸುವ ಪದ್ಧತಿ ನಮ್ಮಲ್ಲಿ ಇನ್ನೂ ಬೆಳೆದಿಲ್ಲ. "ರೈತನಿಗೆ ಹೆಸರಿನಿಂದ ಏನಾಗಬೇಕು, ಕೆಲಸವಾದರೆ ಸಾಕು" ಎಂದು ವಾದಿಸುವವರು ವಿಸ್ತರಣಾ ಕಾರ್ಯಕರ್ತರಲ್ಲಿಯೂ ಇದ್ದಾರೆ. ಈ ವಾದವನ್ನು ನಾನು ಒಪ್ಪುವುದಿಲ್ಲ. ಹೆಸರು ಸರಿಯಾಗಿ ತಿಳಿಯದಿದ್ದರೆ ಕೆಲಸವೂ ಆಗುವುದಿಲ್ಲ ಎಂಬುದೇ ಈ ಲೇಖನದ ಸಾರಾಂಶ.

ಅರ್ಧ ಹೆಸರಿನಿಂದಾಗುವ ಅಪಾಯ

ಮೊದಲನೆಯದಾಗಿ "ರೈಜೋ" ಎಂಬ ಮಾತನ್ನೇ ತೆಗೆದುಕೊಳ್ಳಿ. ಗ್ರೀಕ್ ಭಾಷೆಯಲ್ಲಿ 'ರೈಜಾ' ಎಂದರೆ ಬೇರು. ರೈಜೋಬಿಯಂ ಎಂಬುದು ದ್ವಿದಳ ಧಾನ್ಯದ ಬೇರಿನಲ್ಲಿ ಗಂಟು ಕಟ್ಟಿ, ಗಾಳಿಯಲ್ಲಿರುವ ಸಾರಜನಕವನ್ನು ಗಿಡಕ್ಕೆ ಒದಗಿಸುವ ದುಂಡಾಣು. ಇದು ನಿಮ್ಮ ಮಿತ್ರ. ರೈಜೋಕ್ಟೋನಿಯಾ ಎಂಬುದು ಬೇರು ಕೊಳೆಯುವ ರೋಗ ಮತ್ತು ಸಸಿ ಸಾಯುವ ರೋಗಗಳನ್ನು ತರುವ ಶಿಲೀಂಧ್ರ. ಇದು ನಿಮ್ಮ ಶತ್ರು. ಎರಡರ ಹೆಸರಿನ ಮೊದಲ ಭಾಗವೂ ಒಂದೇ. "ಕಡಲೆಯ ಬೇರಿನಲ್ಲಿ ರೈಜೋ ಇದೆ" ಎಂದು ಯಾರಾದರೂ ದೂರವಾಣಿಯಲ್ಲಿ ಹೇಳಿದರೆ, ಸಂತೋಷಪಡಬೇಕೋ ಗಾಬರಿಪಡಬೇಕೋ ಹೇಗೆ ತಿಳಿಯಬೇಕು? ಮೊದಲನೆಯದನ್ನು ಬೀಜಕ್ಕೆ ಲೇಪಿಸಬೇಕು, ಎರಡನೆಯದನ್ನು ಬೀಜದಿಂದ ದೂರವಿಡಬೇಕು. ಬೀಜೋಪಚಾರದ ಕ್ರಮದಲ್ಲಿ ಮೊದಲು ಶಿಲೀಂಧ್ರನಾಶಕ, ಅನಂತರ ಕೀಟನಾಶಕ, ಎಲ್ಲಕ್ಕೂ ಕೊನೆಯಲ್ಲಿ ರೈಜೋಬಿಯಂ ಎಂಬ ನಿಯಮ ನಿಮಗೆ ಗೊತ್ತಿರುವುದೇ. ಆ ಮೊದಲನೆಯ ಹೆಜ್ಜೆ ರೈಜೋಕ್ಟೋನಿಯಾದಂತಹ ಶತ್ರುವಿಗಾಗಿ, ಕೊನೆಯ ಹೆಜ್ಜೆ ರೈಜೋಬಿಯಂ ಎಂಬ ಮಿತ್ರನಿಗಾಗಿ.

ಎರಡನೆಯದಾಗಿ "ಬ್ಯಾಸಿಲಸ್". ಬ್ಯಾಸಿಲಸ್ ಸಬ್ಟಿಲಿಸ್ ಎಂಬುದನ್ನು ಬೆಳೆಗಳ ರೋಗ ನಿಯಂತ್ರಣಕ್ಕಾಗಿ ಬಳಸುತ್ತಾರೆ. ಬ್ಯಾಸಿಲಸ್ ಥುರಿಂಜಿಯೆನ್ಸಿಸ್ ಎಂಬುದನ್ನು ಎಲೆಕೋಸಿನ ವಜ್ರಬೆನ್ನಿನ ಪತಂಗದ ಹುಳು ಮುಂತಾದ ಎಲೆ ತಿನ್ನುವ ಹುಳುಗಳನ್ನು ಕೊಲ್ಲಲು ಸಿಂಪಡಿಸುತ್ತಾರೆ. ಈಗ ಶಿಡ್ಲಘಟ್ಟ, ರಾಮನಗರದ ಕಡೆಯ ರೇಷ್ಮೆ ಬೆಳೆಗಾರರು ಯೋಚಿಸಬೇಕು. ರೇಷ್ಮೆ ಹುಳುವೂ ಪತಂಗದ ಮರಿಯೇ. ಈ ಎರಡನೆಯ ಬ್ಯಾಸಿಲಸ್ ಮೊದಲು ಪತ್ತೆಯಾದದ್ದೇ 1901ರಲ್ಲಿ ಜಪಾನ್ ದೇಶದಲ್ಲಿ, ಇಶಿವಾಟ ಎಂಬ ವಿಜ್ಞಾನಿ ಸತ್ತ ರೇಷ್ಮೆ ಹುಳುಗಳನ್ನು ಪರೀಕ್ಷಿಸಿದಾಗ! ಇದು ಸೇರಿದ ಸೊಪ್ಪನ್ನು ತಿಂದ ಹುಳು ಮೇವು ಬಿಟ್ಟು ಸಾಯುತ್ತದೆ. ಹಿಪ್ಪುನೇರಳೆ ತೋಟದ ಪಕ್ಕದಲ್ಲಿ ಎಲೆಕೋಸೋ ಟೊಮ್ಯಾಟೊವೋ ಇದ್ದು, ಅದಕ್ಕೆ "ಯಾವುದೋ ಬ್ಯಾಸಿಲಸ್" ಎಂದು ಕೊಂಡು ತಂದು ಹೊಡೆದರೆ, ಗಾಳಿಗೆ ತೂರಿ ಬಂದ ಹನಿಯಿಂದ ಒಂದು ಇಡೀ ಬೆಳೆ ಹುಳು ಹಾಳಾಗಬಹುದು. ಇಲ್ಲಿ ಹೆಸರಿನ ಎರಡನೆಯ ಭಾಗವನ್ನು ನುಂಗಿದುದರ ಬೆಲೆ ಒಂದು ಮನೆಯ ಆದಾಯ.

ಮೂರನೆಯದಾಗಿ "ಸ್ಯೂಡೋಮೊನಾಸ್". ಸ್ಯೂಡೋಮೊನಾಸ್ ಫ್ಲೋರೆಸೆನ್ಸ್ ಎಂಬುದು ಬೇರಿನ ಸುತ್ತ ಬೆಳೆದು ರೋಗಾಣುಗಳನ್ನು ತಡೆಯುವ ಉಪಕಾರಿ. ಸ್ಯೂಡೋಮೊನಾಸ್ ಸಿರಿಂಜೆ ಎಂಬುದು ಅನೇಕ ಬೆಳೆಗಳಿಗೆ ರೋಗ ತರುವ ಅಪಕಾರಿ. ಟೊಮ್ಯಾಟೊ, ಬದನೆ, ಆಲೂಗಡ್ಡೆ, ಶುಂಠಿ ಬೆಳೆಗಳಲ್ಲಿ ಹಸಿರಾಗಿದ್ದ ಗಿಡ ಇದ್ದಕ್ಕಿದ್ದಂತೆ ಸೊರಗಿ ಬೀಳುವ ದುಂಡಾಣು ಸೊರಗು ರೋಗ ನಿಮಗೆ ತಿಳಿದಿದೆ. ಅದಕ್ಕೆ ಕಾರಣವಾದ ದುಂಡಾಣುವನ್ನೂ ಬಹುಕಾಲ ಸ್ಯೂಡೋಮೊನಾಸ್ ಸೊಲನೇಸಿಯೇರಂ ಎಂದೇ ಕರೆಯುತ್ತಿದ್ದರು. 1995ರಲ್ಲಿ ಅದನ್ನು ರಾಲ್ಸ್ಟೋನಿಯಾ ಎಂಬ ಹೊಸ ಕುಲಕ್ಕೆ ಸೇರಿಸಲಾಯಿತು. ಹಳೆಯ ಪುಸ್ತಕ ಓದಿದವರಿಗೆ ಸ್ಯೂಡೋಮೊನಾಸ್ ಎಂದರೆ ಸೊರಗು ರೋಗ, ಹೊಸ ಪೊಟ್ಟಣ ಕೊಂಡವರಿಗೆ ಸ್ಯೂಡೋಮೊನಾಸ್ ಎಂದರೆ ರೋಗಕ್ಕೆ ಮದ್ದು. ಇಬ್ಬರೂ ಅರ್ಧ ಹೆಸರು ಹೇಳುತ್ತಾ ವಾದ ಮಾಡಿದರೆ ಅದು ಮುಗಿಯುವುದುಂಟೇ?

ಹೆಸರನ್ನು ಬಿಡಿಸುವ ಎರಡು ಬಗೆ

ಶಾಲೆಯಲ್ಲಿ ಕನ್ನಡ ಕಲಿತ ಪ್ರತಿಯೊಬ್ಬರೂ ಎರಡು ಅಭ್ಯಾಸಗಳನ್ನು ಮಾಡಿರುತ್ತಾರೆ. ಒಂದು, ಪದವನ್ನು ಬಿಡಿಸಿ ಬರೆದು ಅರ್ಥ ಹೇಳುವುದು. ಇನ್ನೊಂದು, ಪದ್ಯದ ಸಾಲಿಗೆ ಪ್ರಸ್ತಾರ ಹಾಕಿ ಗುರು ಲಘು ಗುರುತಿಸುವುದು. ಅಣುಜೀವಿಗಳ ಹೆಸರನ್ನು ಓದಲು ಈ ಎರಡೇ ವಿದ್ಯೆ ಸಾಕು.

ಅರ್ಥಕ್ಕಾಗಿ ಬಿಡಿಸುವಾಗ ಹೆಸರನ್ನು ಅದರ ಬೆಸುಗೆಯಲ್ಲಿ ಒಡೆಯಬೇಕು. ಕೆಲವು ಉದಾಹರಣೆಗಳನ್ನು ನೋಡಿ.

ರೈಜೋ + ಬಿಯಂ: ಬೇರಿನಲ್ಲಿ ಬಾಳುವುದು. 'ಬಯೋಸ್' ಎಂದರೆ ಜೀವನ. 1889ರಲ್ಲಿ ಫ್ರಾಂಕ್ ಎಂಬ ಜರ್ಮನ್ ವಿಜ್ಞಾನಿ ಇಟ್ಟ ಹೆಸರು.

ರೈಜೋ + ಕ್ಟೋನಿಯಾ: ಬೇರನ್ನು ಕೊಲ್ಲುವುದು. 'ಕ್ಟೋನೋಸ್' ಎಂದರೆ ಕೊಲೆ.

ಅಜೋ + ಸ್ಪಿರಿಲಂ: ಸಾರಜನಕದ ಪುಟ್ಟ ಸುರುಳಿ. ಆಕಾರ ಸುರುಳಿಯಂತೆ ಬಾಗಿರುವುದರಿಂದ ಈ ಹೆಸರು.

ಅಜೋಟೋ + ಬ್ಯಾಕ್ಟರ್: ಸಾರಜನಕದ ಕೋಲು. 1901ರಲ್ಲಿ ಹಾಲೆಂಡಿನ ಬೈಯರಿಂಕ್ ಇಟ್ಟ ಹೆಸರು.

ಬ್ರಾಡಿ + ರೈಜೋಬಿಯಂ: ನಿಧಾನವಾಗಿ ಬೆಳೆಯುವ ರೈಜೋಬಿಯಂ. 1982ರಲ್ಲಿ ಇದನ್ನು ಪ್ರತ್ಯೇಕ ಕುಲವಾಗಿ ಬೇರ್ಪಡಿಸಲಾಯಿತು.

ಝ್ಯಾಂಥೋ + ಮೊನಾಸ್: ಹಳದಿ ಬಣ್ಣದ ಜೀವಿ. ದಾಳಿಂಬೆಯ ದುಂಡಾಣು ಅಂಗಮಾರಿ ಮತ್ತು ಭತ್ತದ ದುಂಡಾಣು ಎಲೆ ಅಂಗಮಾರಿ ರೋಗಗಳನ್ನು ತರುವವು ಈ ಕುಲದವೇ.

'ಅಜೋ' ಎಂಬ ಮಾತಿನಲ್ಲಿ ಒಂದು ಸ್ವಾರಸ್ಯವಿದೆ. 18ನೆಯ ಶತಮಾನದಲ್ಲಿ ಫ್ರಾನ್ಸಿನ ಲವಾಸಿಯೆ ಈ ಅನಿಲಕ್ಕೆ 'ಅಜೋಟ್' ಎಂದು ಹೆಸರಿಟ್ಟ. ಅದರ ಅರ್ಥ 'ಜೀವವಿಲ್ಲದ್ದು' ಎಂದು. ಅದೊಂದರಲ್ಲೇ ಇಟ್ಟ ಪ್ರಾಣಿ ಉಸಿರುಕಟ್ಟಿ ಸಾಯುತ್ತಿದ್ದುದೇ ಕಾರಣ. ಅದೇ ಅನಿಲವನ್ನು ನಾವು ಕನ್ನಡದಲ್ಲಿ ಸಾರಜನಕ, ಅಂದರೆ ಸಾರವನ್ನು ಹುಟ್ಟಿಸುವುದು ಎನ್ನುತ್ತೇವೆ. ಬೇಸಾಯಗಾರರಿಗೆ ನಮ್ಮ ಹೆಸರೇ ಹೆಚ್ಚು ಒಪ್ಪುವಂತಹುದು.

ಅಕ್ಷರಗಳಾಗಿ ಒಡೆಯುವ ಕ್ರಮ

ಉಚ್ಚಾರಕ್ಕಾಗಿ ಬಿಡಿಸುವಾಗ ಬೆಸುಗೆಯನ್ನು ನೋಡಬೇಕಾಗಿಲ್ಲ, ಉಸಿರನ್ನು ನೋಡಬೇಕು. ಒಂದು ಸ್ವರ ಬಂದಲ್ಲೆಲ್ಲ ಒಂದು ತುಂಡು. ರೈ-ಜೋ-ಬಿ-ಯಂ, ನಾಲ್ಕು ತುಂಡು. ಅ-ಜೋ-ಸ್ಪಿ-ರಿಲ್-ಲಂ, ಐದು ತುಂಡು. ಅ-ಜೋ-ಟೋ-ಬ್ಯಾಕ್-ಟರ್, ಐದು ತುಂಡು. ಸ್ಯೂ-ಡೋ-ಮೊ-ನಾಸ್, ನಾಲ್ಕು ತುಂಡು. ಬ್ಯಾ-ಸಿಲ್-ಲಸ್, ಮೂರು ತುಂಡು. ಥು-ರಿಂ-ಜಿ-ಯೆನ್-ಸಿಸ್, ಐದು ತುಂಡು.

ಇನ್ನು ಒತ್ತು ಎಲ್ಲಿ ಬೀಳಬೇಕು ಎಂಬ ಪ್ರಶ್ನೆ. ಲ್ಯಾಟಿನ್ ಭಾಷೆಯ ನಿಯಮ ನಮ್ಮ ಗುರು ಲಘುವಿನ ನಿಯಮಕ್ಕೆ ಬಹಳ ಹತ್ತಿರವಾಗಿದೆ. ಕೊನೆಯಿಂದ ಎರಡನೆಯ ಅಕ್ಷರವನ್ನು ನೋಡಿರಿ. ಅದು ಗುರುವಾಗಿದ್ದರೆ, ಅಂದರೆ ದೀರ್ಘವಾಗಿದ್ದರೆ ಅಥವಾ ಮುಂದೆ ಒತ್ತಕ್ಷರವಿದ್ದರೆ, ಒತ್ತು ಅದರ ಮೇಲೆಯೇ ಬೀಳುತ್ತದೆ. ಲಘುವಾಗಿದ್ದರೆ ಒತ್ತು ಒಂದಕ್ಷರ ಹಿಂದಕ್ಕೆ ಸರಿಯುತ್ತದೆ. ಬ್ಯಾಸಿಲಸ್ ಎಂಬುದನ್ನು ಮೂಲದಲ್ಲಿ ಎರಡು 'ಲ'ಕಾರಗಳಿಂದ ಬರೆಯುತ್ತಾರೆ. ಆದುದರಿಂದ 'ಸಿಲ್' ಗುರು, ಒತ್ತು ಅಲ್ಲಿಯೇ. ಅಜೋಸ್ಪಿರಿಲಂನಲ್ಲಿ 'ರಿಲ್', ಅಜೋಟೋಬ್ಯಾಕ್ಟರ್‌ನಲ್ಲಿ 'ಬ್ಯಾಕ್'. ಆದರೆ ರೈಜೋಬಿಯಂನಲ್ಲಿ 'ಬಿ' ಲಘು, ಆದುದರಿಂದ ಒತ್ತು 'ಜೋ' ಮೇಲೆ. ಸ್ಯೂಡೋಮೊನಾಸ್‌ನಲ್ಲಿ 'ಮೊ' ಲಘು, ಆದುದರಿಂದ ಒತ್ತು 'ಡೋ' ಮೇಲೆ. ಪದ್ಯಕ್ಕೆ ಪ್ರಸ್ತಾರ ಹಾಕಬಲ್ಲ ಹಳ್ಳಿಯ ಹುಡುಗ, ಇಂಗ್ಲಿಷ್ ಮಾತ್ರ ಕಲಿತ ಪಟ್ಟಣದ ಹುಡುಗನಿಗಿಂತ ಈ ನಿಯಮವನ್ನು ಬೇಗ ಹಿಡಿಯುತ್ತಾನೆ ಎಂಬುದರಲ್ಲಿ ನನಗೆ ಸಂಶಯವಿಲ್ಲ.

'ಏಸೀ' ಎಂಬ ಮನೆತನ

ಮನುಷ್ಯರಿಗೆ ಮನೆತನವಿರುವಂತೆ ದುಂಡಾಣುಗಳಿಗೂ ಕುಟುಂಬಗಳಿವೆ. ಹೆಸರಿನ ಕೊನೆಯಲ್ಲಿ 'ಏಸೀ' ಎಂದು ಬಂದರೆ ಅದು ಒಂದು ಜೀವಿಯ ಹೆಸರಲ್ಲ, ಇಡೀ ಮನೆತನದ ಹೆಸರು ಎಂದು ತಿಳಿಯಬೇಕು. ಮುಖ್ಯವಾದ ಒಂದು ಕುಲದ ಹೆಸರಿನ ಕೊನೆಯನ್ನು ತೆಗೆದು ಈ ಪ್ರತ್ಯಯವನ್ನು ಸೇರಿಸಿ ಕುಟುಂಬದ ಹೆಸರನ್ನು ಕಟ್ಟುತ್ತಾರೆ. ರೈಜೋಬಿಯಂನಿಂದ ರೈಜೋಬಿಯೇಸೀ, ಬ್ಯಾಸಿಲಸ್‌ನಿಂದ ಬ್ಯಾಸಿಲೇಸೀ, ಸ್ಯೂಡೋಮೊನಾಸ್‌ನಿಂದ ಸ್ಯೂಡೋಮೊನಡೇಸೀ. ಕೊನೆಯದರಲ್ಲಿ 'ಡ'ಕಾರ ಎಲ್ಲಿಂದ ಬಂತು ಎಂದು ಕೇಳಬಹುದು. ಗ್ರೀಕ್ ಭಾಷೆಯಲ್ಲಿ 'ಮೊನಾಸ್' ಪದದ ಮೂಲರೂಪ 'ಮೊನಡ್'. ವಿಭಕ್ತಿ ಸೇರುವಾಗ ಅದು ಹೊರಬರುತ್ತದೆ. ನಮ್ಮಲ್ಲಿ 'ಮರ' ಎಂಬುದು 'ಮರದ' ಎಂದಾಗುವಾಗ 'ದ'ಕಾರ ಕಾಣಿಸಿಕೊಳ್ಳುವುದಿಲ್ಲವೇ, ಹಾಗೆಯೇ ಎಂದುಕೊಳ್ಳಿ.

ಈ ಪ್ರತ್ಯಯವನ್ನು ಲ್ಯಾಟಿನ್ ಲೆಕ್ಕದಲ್ಲಿ ಮೂರು ತುಂಡುಗಳಾಗಿ ಒಡೆಯಬೇಕು: ಏ-ಸಿ-ಈ. ನಮ್ಮ ಕಾಲೇಜುಗಳಲ್ಲಿ ಕೊನೆಯ ಎರಡನ್ನು ಕೂಡಿಸಿ 'ಏಸೀ' ಎಂದು ಹೇಳುವುದೇ ಹೆಚ್ಚು. 'ಸಿ' ಯಾವಾಗಲೂ ಲಘುವಾಗಿರುವುದರಿಂದ ಒತ್ತು ಯಾವಾಗಲೂ 'ಏ' ಮೇಲೆಯೇ ಬೀಳುತ್ತದೆ. ಹೀಗಾಗಿ ಒಂದು ಕುಟುಂಬದ ಹೆಸರನ್ನು ಓದಲು ಕಲಿತರೆ ಎಲ್ಲ ಕುಟುಂಬಗಳ ಹೆಸರನ್ನೂ ಓದಿದಂತೆಯೇ.

ಬ್ಯಾ-ಸಿಲ್-ಲೇ-ಸಿ-ಈ: ಐದು ತುಂಡು.
ರೈ-ಜೋ-ಬಿ-ಏ-ಸಿ-ಈ: ಆರು ತುಂಡು.
ಸ್ಯೂ-ಡೋ-ಮೊ-ನ-ಡೇ-ಸಿ-ಈ: ಏಳು ತುಂಡು.
ಎನ್-ಟೆ-ರೋ-ಬ್ಯಾಕ್-ಟೀ-ರಿ-ಏ-ಸಿ-ಈ: ಒಂಬತ್ತು ತುಂಡು.

ಕೊನೆಯದು ನೋಡಲು ಭಯ ಹುಟ್ಟಿಸುವಂತಿದೆ. ಆದರೆ 'ಎಂಟೆರೋ' ಎಂದರೆ ಕರುಳು, 'ಬ್ಯಾಕ್ಟೀರಿ' ಎಂದರೆ ದುಂಡಾಣು, 'ಏಸೀ' ಎಂದರೆ ಮನೆತನ. ಕರುಳಿನಲ್ಲಿ ವಾಸಿಸುವ ಅನೇಕ ದುಂಡಾಣುಗಳ ಮನೆತನ ಎಂದಾಯಿತು. ಬಾವಿಯ ನೀರಿನ ಪರೀಕ್ಷೆಯಲ್ಲಿ ಹುಡುಕುವ ಇ. ಕೋಲಿ ಈ ಮನೆತನಕ್ಕೆ ಸೇರಿದುದು.

ಇದೇ 'ಏಸೀ' ಸಸ್ಯಗಳ ಕುಟುಂಬಗಳಿಗೂ ಇದೆ. ಸೊ-ಲ-ನೇ-ಸೀ ಎಂದರೆ ಬದನೆ, ಟೊಮ್ಯಾಟೊ, ಮೆಣಸಿನಕಾಯಿ, ಆಲೂಗಡ್ಡೆಗಳ ಮನೆತನ. ಸೊರಗು ರೋಗದ ರಾಲ್ಸ್ಟೋನಿಯಾ ಸೊಲನೇಸಿಯೇರಂ ಎಂಬ ಹೆಸರಿನ ಎರಡನೆಯ ಭಾಗದ ಅರ್ಥವೇ 'ಸೊಲನೇಸೀ ಮನೆತನದವುಗಳದು' ಎಂದು. ಹೆಸರನ್ನು ಬಿಡಿಸಿ ಓದಿದವರಿಗೆ ಸಲಹೆ ಅದರಲ್ಲಿಯೇ ಸಿಕ್ಕಿತು: ಟೊಮ್ಯಾಟೊ ಸೊರಗಿದ ಹೊಲದಲ್ಲಿ ಮುಂದಿನ ಬೆಳೆಯಾಗಿ ಬದನೆಯನ್ನೋ ಆಲೂಗಡ್ಡೆಯನ್ನೋ ಹಾಕಬಾರದು. ಆದರೆ ಹೆಸರು ಎಲ್ಲವನ್ನೂ ಹೇಳುವುದಿಲ್ಲ ಎಂಬುದನ್ನೂ ನೆನಪಿಡಿ. ಶುಂಠಿ ಈ ಮನೆತನದ್ದಲ್ಲ, ಆದರೂ ಅದಕ್ಕೂ ಈ ರೋಗ ಬರುತ್ತದೆ.

ಕುಟುಂಬಗಳ ಎಲ್ಲೆಗಳೂ ಕಾಲಕಾಲಕ್ಕೆ ಬದಲಾಗುತ್ತವೆ. ಹಿಂದೆ ಬೇರುಗಂಟು ಕಟ್ಟುವ ದುಂಡಾಣುಗಳನ್ನೆಲ್ಲ ರೈಜೋಬಿಯೇಸೀ ಎಂಬ ಒಂದೇ ಮನೆಯಲ್ಲಿ ಇರಿಸಿದ್ದರು. ಈಗ ಬ್ರಾಡಿರೈಜೋಬಿಯಂ ಮನೆ ಪಾಲಾಗಿ ನೈಟ್ರೋಬ್ಯಾಕ್ಟರೇಸೀ ಕುಟುಂಬಕ್ಕೆ ಹೋಗಿದೆ. ಈ ಪಾಲುಪಟ್ಟಿಯ ಜಗಳ ನಿಮಗೆ ಬೇಡ. ನಿಮಗೆ ಬೇಕಾದುದು ಕುಲದ ಹೆಸರು, ಅದರ ಮುಂದಿನ ಎರಡನೆಯ ಹೆಸರು ಮತ್ತು ಯಾವ ಬೆಳೆಗೆ ಎಂಬ ವಿವರ. ಸೋಯಾ ಅವರೆಗೆ ಬ್ರಾಡಿರೈಜೋಬಿಯಂ ಜಪಾನಿಕಂ ಬೇಕು. ಕಡಲೆಗೆ ಮೀಸೋರೈಜೋಬಿಯಂ ಸೈಸೆರಿ ಬೇಕು. ಬಟಾಣಿಗೆ ರೈಜೋಬಿಯಂ ಲೆಗ್ಯುಮಿನೋಸಾರಂ ಬೇಕು. ಒಂದರ ಪೊಟ್ಟಣವನ್ನು ಇನ್ನೊಂದರ ಬೀಜಕ್ಕೆ ಲೇಪಿಸಿದರೆ ಬೇರಿನಲ್ಲಿ ಗಂಟು ಕಟ್ಟದು. ಆಗ "ಈ ಪುಡಿಯಿಂದ ಏನೂ ಪ್ರಯೋಜನವಿಲ್ಲ" ಎಂಬ ಅಪವಾದ ಮಾತ್ರ ಉಳಿಯುತ್ತದೆ.

ಯಾವ ಉಚ್ಚಾರ ಸರಿ?

ಸಭೆಗಳಲ್ಲಿ ರೈತರು ಬಾಯಿ ತೆರೆಯದಿರಲು ಒಂದು ಕಾರಣ, ತಪ್ಪು ಹೇಳಿದರೆ ನಗುತ್ತಾರೆ ಎಂಬ ಸಂಕೋಚ. ಈ ಸಂಕೋಚಕ್ಕೆ ಆಧಾರವೇ ಇಲ್ಲ. ದುಂಡಾಣುಗಳ ಹೆಸರಿಗೆ ಅಂತರರಾಷ್ಟ್ರೀಯ ನಿಯಮಾವಳಿ ಇದೆ. ಹೊಸ ಲೆಕ್ಕಾಚಾರಕ್ಕೆ 1980ರ ಜನವರಿ 1ರ ಅಂಗೀಕೃತ ಪಟ್ಟಿಯೇ ಆರಂಭ. ಆದರೆ ಆ ನಿಯಮಾವಳಿ ಕಟ್ಟುನಿಟ್ಟು ಮಾಡುವುದು ಬರಹವನ್ನು, ಉಚ್ಚಾರವನ್ನಲ್ಲ. ಹಳೆಯ ಲ್ಯಾಟಿನ್ ಕ್ರಮದಂತೆ 'ಬಾಕಿಲ್ಲುಸ್' ಎನ್ನುವವರೂ ಇದ್ದಾರೆ, ಇಂಗ್ಲಿಷ್ ಕ್ರಮದಂತೆ 'ಬಸಿಲಸ್' ಎನ್ನುವವರೂ ಇದ್ದಾರೆ. ಝ್ಯಾಂಥೋಮೊನಾಸ್ ಎಂಬುದನ್ನು ಕ್ಸಾಂಥೋಮೊನಾಸ್ ಎಂದರೆ ಯಾವ ವಿಜ್ಞಾನಿಗೂ ಅರ್ಥವಾಗದೆ ಹೋಗುವುದಿಲ್ಲ.

ಆದುದರಿಂದ ನನ್ನ ಅಭಿಪ್ರಾಯ ಇಷ್ಟೇ: ಒತ್ತು ತಪ್ಪಿದರೆ ಚಿಂತೆಯಿಲ್ಲ, ಜ-ಝ ವ್ಯತ್ಯಾಸವಾದರೆ ಚಿಂತೆಯಿಲ್ಲ. ತುಂಡು ಬಿಟ್ಟುಹೋದರೆ ಮಾತ್ರ ಚಿಂತೆ. ಅಕ್ಷರ ಸೊಟ್ಟಗಾದರೂ ಇರಲಿ, ಎಲ್ಲ ಅಕ್ಷರಗಳೂ ಇರಲಿ. ಹೆಸರನ್ನು ತಿದ್ದಿ ನಗುವ ತಜ್ಞರಿಗೂ ಒಂದು ಮಾತು: ನಿಮ್ಮ ಉಚ್ಚಾರವೂ ಗ್ರೀಕರ ಕಿವಿಗೆ ವಿಚಿತ್ರವಾಗಿಯೇ ಕೇಳಿಸೀತು.

ಕನ್ನಡ ಹೆಸರೇ ಸಾಲದೇ?

ಪರಭಾಷೆಯ ಹೆಸರು ಏಕೆ, ಕನ್ನಡದಲ್ಲಿಯೇ ಹೆಸರಿಡಬಾರದೇ ಎಂದು ಕೇಳುವವರ ಭಾಷಾಭಿಮಾನ ಮೆಚ್ಚತಕ್ಕದ್ದು. ಗುಂಪುಗಳಿಗೆ, ಕೆಲಸಗಳಿಗೆ ಕನ್ನಡ ಹೆಸರುಗಳೇ ಇರಬೇಕು. ಸಾರಜನಕ ಸ್ಥಿರೀಕರಿಸುವ ಅಣುಜೀವಿ, ರಂಜಕ ಕರಗಿಸುವ ಅಣುಜೀವಿ ಎಂಬ ಮಾತುಗಳು ಚೆನ್ನಾಗಿಯೇ ಇವೆ. ಆದರೆ ಇವು ಕೆಲಸದ ಹೆಸರುಗಳೇ ಹೊರತು ವ್ಯಕ್ತಿಯ ಹೆಸರುಗಳಲ್ಲ. ಸಾರಜನಕ ಸ್ಥಿರೀಕರಿಸುವ ಕೆಲಸವನ್ನು ಶೇಂಗಾ ಬೇರಿನ ಗಂಟಿನಲ್ಲಿರುವುದೂ ಮಾಡುತ್ತದೆ, ಜೋಳದ ಬೇರಿನ ಬಳಿಯಿರುವ ಅಜೋಸ್ಪಿರಿಲಂ ಕೂಡ ಮಾಡುತ್ತದೆ. ಒಂದರ ಬದಲು ಇನ್ನೊಂದು ನಡೆಯದು. ಅಲ್ಲದೆ 'ಬೇರುಗಂಟು' ಎಂಬ ನಮ್ಮ ಮಾತನ್ನೇ ನೋಡಿ. ರೈಜೋಬಿಯಂ ಕಟ್ಟುವ ಒಳ್ಳೆಯ ಗಂಟಿಗೂ ಅದೇ ಹೆಸರು, ಜಂತುಹುಳುಗಳಿಂದ ಟೊಮ್ಯಾಟೊ ಬೇರಿನಲ್ಲಾಗುವ ಕೆಟ್ಟ ಗಂಟಿಗೂ ಅದೇ ಹೆಸರು. ವೈಜ್ಞಾನಿಕ ಹೆಸರನ್ನು ಕನ್ನಡ ಲಿಪಿಯಲ್ಲಿ, ಕನ್ನಡದ ಬಾಯಿಗೆ ಒಗ್ಗುವಂತೆ ಬರೆದುಕೊಂಡರೆ ಭಾಷೆಗೆ ನಷ್ಟವೇನೂ ಇಲ್ಲ. ಬಸ್ಸು, ರೈಲು, ಬ್ಯಾಂಕುಗಳನ್ನು ನಾವು ಹಾಗೆಯೇ ನಮ್ಮವಾಗಿಸಿಕೊಂಡಿದ್ದೇವೆ.

ಆಗಬೇಕಾದ ಕೆಲಸ

ಈ ದಿಸೆಯಲ್ಲಿ ನಾಲ್ಕು ಕೆಲಸಗಳು ಆಗಬೇಕೆಂದು ನನ್ನ ಸಲಹೆ.

1. ಅಣುಜೀವಿ ಗೊಬ್ಬರ ಮತ್ತು ಜೈವಿಕ ಪೀಡೆನಾಶಕಗಳ ಪೊಟ್ಟಣದ ಮೇಲೆ ಕುಲ ಮತ್ತು ಪ್ರಭೇದದ ಹೆಸರನ್ನು ದಪ್ಪ ಕನ್ನಡ ಅಕ್ಷರಗಳಲ್ಲಿ, ನಡುವೆ ಗೆರೆ ಹಾಕಿ ಬಿಡಿಸಿ ಅಚ್ಚು ಮಾಡಬೇಕು. 2006ರಿಂದ ಅಣುಜೀವಿ ಗೊಬ್ಬರಗಳು ರಸಗೊಬ್ಬರ ನಿಯಂತ್ರಣ ಆದೇಶದ ವ್ಯಾಪ್ತಿಗೆ ಬಂದಿವೆ. ರೈಜೋಬಿಯಂ, ಅಜೋಸ್ಪಿರಿಲಂ ಮುಂತಾದವುಗಳಲ್ಲಿ ಪ್ರತಿ ಗ್ರಾಂ ಪುಡಿಗೆ ಕನಿಷ್ಠ 5 ಕೋಟಿ, ದ್ರವರೂಪದಲ್ಲಿ ಪ್ರತಿ ಮಿ.ಲೀ.ಗೆ ಕನಿಷ್ಠ 10 ಕೋಟಿ ಜೀವಂತ ಕೋಶಗಳಿರಬೇಕೆಂದು ನಿಗದಿಯಾಗಿದೆ. ಕೋಟಿಗಳನ್ನು ಎಣಿಸುವಷ್ಟು ಶ್ರದ್ಧೆ ಇರುವಲ್ಲಿ, ಹೆಸರನ್ನು ಓದುವಂತೆ ಅಚ್ಚು ಮಾಡುವುದು ಹೆಚ್ಚಿನ ಕೆಲಸವಲ್ಲ.

2. ಒಂದೇ ಹೆಸರನ್ನು ಒಂದು ಕಡೆ ರೈಜೋಬಿಯಂ, ಇನ್ನೊಂದು ಕಡೆ ರೈಝೋಬಿಯಮ್, ಮತ್ತೊಂದು ಕಡೆ ರೈಜೊಬಿಯಮ್ಮು ಎಂದು ಬರೆಯುವುದು ನಿಲ್ಲಬೇಕು. ರಾಜ್ಯದ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾನಿಲಯಗಳು ಕೂಡಿ ಒಂದೇ ಕನ್ನಡ ಬರಹವನ್ನು ಗೊತ್ತುಮಾಡಬೇಕು.

3. ತರಬೇತಿಗಳಲ್ಲಿ ಹೆಸರನ್ನು ಒಮ್ಮೆ ಅರ್ಥಕ್ಕಾಗಿ, ಒಮ್ಮೆ ಉಚ್ಚಾರಕ್ಕಾಗಿ ಬಿಡಿಸಿ ಕಪ್ಪು ಹಲಗೆಯ ಮೇಲೆ ಬರೆದು, ಎಲ್ಲರಿಂದಲೂ ಹೇಳಿಸಬೇಕು. ಇದಕ್ಕೆ ಐದು ನಿಮಿಷ ಸಾಕು.

4. ರೈತ ಬಾಂಧವರು ತಮ್ಮ ಲೆಕ್ಕದ ಪುಸ್ತಕದಲ್ಲಿ ಕೊಂಡ ಪೊಟ್ಟಣದ ಪೂರ್ಣ ಹೆಸರು, ಬೆಳೆ, ತಯಾರಾದ ಮತ್ತು ಅವಧಿ ಮುಗಿಯುವ ದಿನಾಂಕಗಳನ್ನು ಬರೆದಿಡಬೇಕು. ಅಂಗಡಿಯಲ್ಲಿ ಪೂರ್ಣ ಹೆಸರು ಹೇಳಿ ಕೇಳಬೇಕು, ರಸೀದಿಯಲ್ಲಿಯೂ ಪೂರ್ಣ ಹೆಸರನ್ನೇ ಬರೆಸಿಕೊಳ್ಳಬೇಕು. ಬೆಳೆ ಕೈಕೊಟ್ಟಾಗ "ಯಾವುದೋ ಪುಡಿ" ಎಂದು ದೂರು ಕೊಟ್ಟರೆ ಯಾರೂ ಉತ್ತರ ಹೇಳಲಾರರು. ರಸೀದಿಯಲ್ಲಿ ಹೆಸರಿದ್ದರೆ ಹೇಳಲೇಬೇಕಾಗುತ್ತದೆ.

ಹೆಸರು ಗೊತ್ತಿರುವ ಗಿರಾಕಿಗೆ ಅಂಗಡಿಯವನು ಬೇರೊಂದನ್ನು ಕೊಡಲು ಅಂಜುತ್ತಾನೆ. ಹೆಸರು ಗೊತ್ತಿಲ್ಲದವನು ಕೊಟ್ಟದ್ದನ್ನು ತೆಗೆದುಕೊಂಡು ಬರುತ್ತಾನೆ. ತಳಿಗಳ ವಿಷಯದಲ್ಲಿ ನಮ್ಮ ರೈತರು ಮೊದಲನೆಯ ಸಾಲಿಗೆ ಸೇರಿ ಬಹಳ ವರ್ಷಗಳಾದುವು. ಅಣುಜೀವಿಗಳ ವಿಷಯದಲ್ಲಿಯೂ ಸೇರಬೇಕು. ಮುಂದಿನ ಬಿತ್ತನೆಗೆ ಪೊಟ್ಟಣ ಕೊಳ್ಳುವ ಮೊದಲು ಅದನ್ನು ತಿರುಗಿಸಿ ಹೆಸರನ್ನು ಓದಿರಿ. ಶಾಲೆಗೆ ಹೋಗುವ ಮಗನನ್ನೋ ಮಗಳನ್ನೋ ಕೂರಿಸಿಕೊಂಡು ತುಂಡು ತುಂಡಾಗಿ ಬಿಡಿಸಿ ಬರೆಯಿರಿ, ಎರಡು ಸಲ ಗಟ್ಟಿಯಾಗಿ ಹೇಳಿರಿ. ಅ-ಜೋ-ಸ್ಪಿ-ರಿಲ್-ಲಂ. ಅನಂತರ ಅಂಗಡಿಗೆ ನಡೆಯಿರಿ.